ನಾಲ್ಕು ಬೆಂಚುಗಳ ವ್ಯಾಪಾರ



ಒಬ್ಬ ಮಂಡಿ ವರ್ತಕರ ನೆನಪಿನಲ್ಲಿ ಕೋಲಾರದ ಈ ಕಾಲೇಜಿನಲ್ಲಿ ನಡೆಯುವ ಉಪನ್ಯಾಸ ಇದು. ವ್ಯಾಪಾರದ ಶಿಕ್ಷಣದ ಬಗ್ಗೆ ಏನಾದರೂ ಮಾತಾಡಿ ಎಂದು ಕರೆದವರು ಕೇಳಿದರು. ನಾನು ಆಟಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಫೋನಿನ ಆ ಕಡೆ ಒಂದು ಕ್ಷಣ ಮೌನ. ಅದು ಸಹಜವೇ. ಮಂಡಿಯಲ್ಲಿ ಲೆಕ್ಕ ತಪ್ಪಿದರೆ ಗಂಟು ಕರಗುತ್ತದೆ. ತರಗತಿಯಲ್ಲಿ ಕೂತು ಸುಳ್ಳು ದುಡ್ಡಿನಲ್ಲಿ ವ್ಯಾಪಾರ ಆಡಿದರೆ ಏನು ಹೋಗುತ್ತದೆ, ಏನು ಬರುತ್ತದೆ?

ಏನೂ ಹೋಗುವುದಿಲ್ಲ, ಅದೇ ಲಾಭ ಎಂದು ಮ್ಯಾನೇಜ್‌ಮೆಂಟ್ ಪಠ್ಯಪುಸ್ತಕಗಳು ಹೇಳುತ್ತವೆ. ವಿಮಾನ ಓಡಿಸುವವರು ಮೊದಲು ನೆಲದ ಮೇಲಿನ ಯಂತ್ರದಲ್ಲಿ ಕಲಿಯುವ ಹಾಗೆ ಎಂಬ ಮಾತು ಎಲ್ಲ ಮುನ್ನುಡಿಗಳಲ್ಲೂ ಇರುತ್ತದೆ. ನನಗೆ ಅಷ್ಟು ಸಾಲದು. ವ್ಯವಹಾರದ ಆಟಕ್ಕೆ ಇನ್ನೊಂದು ಗುಣವಿದೆ, ಅದು ಮಂಡಿಗೂ ಇಲ್ಲ, ಪುಸ್ತಕಕ್ಕೂ ಇಲ್ಲ. ಹೊರಗಿನ ಜಗತ್ತು ನಿಜವಾಗಿ ಹೇಗಿತ್ತು ಎನ್ನುವುದು ಆಟ ಮುಗಿದ ಮೇಲೆ ಖಚಿತವಾಗಿ ಗೊತ್ತಾಗುತ್ತದೆ. ಗಿರಾಕಿ ಎಷ್ಟು ಕೇಳಿದ, ಯಾವಾಗ ಕೇಳಿದ ಎಂಬ ಚೀಟಿ ಆಡಿಸುವವರ ಜೇಬಿನಲ್ಲಿರುತ್ತದೆ. ಮಂಡಿಯಲ್ಲಿ ನಷ್ಟವಾದರೆ ಮಳೆಯನ್ನು ಬಯ್ಯಬಹುದು, ಸರ್ಕಾರವನ್ನು ಬಯ್ಯಬಹುದು, ಪಕ್ಕದ ಅಂಗಡಿಯವನನ್ನು ಬಯ್ಯಬಹುದು. ನಮ್ಮ ಪಾಲೆಷ್ಟು ಎಂದು ಬಿಡಿಸಿ ತೋರಿಸುವ ಲೆಕ್ಕ ಎಲ್ಲೂ ಸಿಗುವುದಿಲ್ಲ. ಆಟದಲ್ಲಿ ಸಿಗುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಗುಣದ ಸುತ್ತಲೇ ಇದೆ.

ಉದಾಹರಣೆಗೆ ಒಂದೇ ಆಟವನ್ನು ಹಿಡಿದುಕೊಳ್ಳೋಣ. ಅಮೆರಿಕದ ಎಂಐಟಿಯ ಸ್ಲೋನ್ ಮ್ಯಾನೇಜ್‌ಮೆಂಟ್ ಶಾಲೆಯಲ್ಲಿ ಹುಟ್ಟಿದ್ದು, ಹೆಸರು ಬಿಯರ್ ಗೇಮ್. ನಮ್ಮ ತರಗತಿಯಲ್ಲಿ ನಾವು ಬಿಯರ್ ಬದಲು ಸೋಡಾ ಎನ್ನುತ್ತೇವೆ, ಪೋಷಕರ ಸಭೆಯಲ್ಲಿ ವಿವರಣೆ ಕೊಡುವ ಕೆಲಸ ತಪ್ಪುತ್ತದೆ. ಇದಕ್ಕೆ ಕಂಪ್ಯೂಟರೂ ಬೇಡ, ಲೈಸೆನ್ಸೂ ಬೇಡ. ಉದ್ದಕ್ಕೆ ನಾಲ್ಕು ಬೆಂಚು ಹಾಕಬೇಕು. ಮೊದಲ ಬೆಂಚು ಚಿಲ್ಲರೆ ಅಂಗಡಿ, ಎರಡನೆಯದು ಸಗಟು ವ್ಯಾಪಾರಿ, ಮೂರನೆಯದು ಡಿಸ್ಟ್ರಿಬ್ಯೂಟರ್, ನಾಲ್ಕನೆಯದು ಕಾರ್ಖಾನೆ. ಅಂಗಡಿಯ ಪಕ್ಕದಲ್ಲಿ ಒಂದು ಕಟ್ಟು ಚೀಟಿ ಮಗುಚಿ ಇಟ್ಟಿರುತ್ತದೆ, ಅದೇ ಗಿರಾಕಿ. ವಾರಕ್ಕೊಂದು ಚೀಟಿ ಎತ್ತಿದರೆ ಎಷ್ಟು ಕೇಸು ಬೇಕು ಎಂದು ಬರೆದಿರುತ್ತದೆ. ಅಂಗಡಿಯವನು ಅಷ್ಟು ಮಾಲು ಕೊಟ್ಟು, ತನ್ನ ದಾಸ್ತಾನು ನೋಡಿಕೊಂಡು, ಸಗಟಿನವನಿಗೆ ಚೀಟಿ ಬರೆಯುತ್ತಾನೆ. ಸಗಟಿನವನು ಮೂರನೆಯವನಿಗೆ, ಮೂರನೆಯವನು ಕಾರ್ಖಾನೆಗೆ. ಮಾತಾಡುವ ಹಾಗಿಲ್ಲ. ಕೈಗೆ ಬಂದ ಚೀಟಿಯ ಅಂಕಿ ಬಿಟ್ಟು ಬೇರೇನೂ ಗೊತ್ತಾಗುವ ಹಾಗಿಲ್ಲ.

ಆಟದ ಜೀವ ಇರುವುದು ತಡದಲ್ಲಿ. ಬರೆದ ಚೀಟಿ ತಲುಪಲು ಸಮಯ ಬೇಕು, ಕಳಿಸಿದ ಮಾಲು ಬಂದು ಸೇರಲು ಎರಡು ವಾರ ಬೇಕು. ಒಟ್ಟಾರೆ ಈ ವಾರ ಕೇಳಿದ್ದು ಕೈಗೆ ಬರುವ ಹೊತ್ತಿಗೆ ಕನಿಷ್ಠ ನಾಲ್ಕು ವಾರ ಕಳೆದಿರುತ್ತದೆ. ಗೋದಾಮಿನಲ್ಲಿ ಉಳಿದ ಪ್ರತಿ ಕೇಸಿಗೆ ವಾರಕ್ಕೆ ಅರ್ಧ ಡಾಲರು ಖರ್ಚು, ಕೊಡಲಾಗದೆ ಬಾಕಿ ಉಳಿದ ಪ್ರತಿ ಕೇಸಿಗೆ ಒಂದು ಡಾಲರು ದಂಡ. ನಾಲ್ವರದ್ದೂ ಒಟ್ಟು ಖರ್ಚು ಯಾವ ತಂಡದಲ್ಲಿ ಕಡಿಮೆಯೋ ಅದು ಗೆದ್ದಂತೆ. ಶುರುವಿನಲ್ಲಿ ಎಲ್ಲರ ಹತ್ತಿರವೂ 12 ಕೇಸು ದಾಸ್ತಾನು, ಎಲ್ಲ ಕಡೆಯೂ ವಾರಕ್ಕೆ 4ರ ಬೇಡಿಕೆ, ಸಾಗಣೆಯಲ್ಲೂ ನಾಲ್ಕು ನಾಲ್ಕೇ. ಮೊದಲ ಕೆಲವು ವಾರ ಹುಡುಗರು ಆಕಳಿಸುತ್ತಾರೆ.

ಆಮೇಲೆ ಅಂಗಡಿಯ ಹುಡುಗಿ ಎತ್ತಿದ ಚೀಟಿಯಲ್ಲಿ 8 ಎಂದಿರುತ್ತದೆ. ಅವಳ ದಾಸ್ತಾನು ಇಳಿಯುತ್ತದೆ. 8 ಕೇಳುವ ಬದಲು, ಇರಲಿ ಎಂದು 12 ಬರೆಯುತ್ತಾಳೆ. ಮುಂದಿನ ವಾರವೂ 8. ಕೇಳಿದ ಮಾಲು ಇನ್ನೂ ಬಂದಿಲ್ಲ, 16 ಬರೆಯುತ್ತಾಳೆ. ಸಗಟಿನ ಬೆಂಚಿನವನಿಗೆ ಕಾಣುವುದು ಏರುತ್ತಿರುವ ಅಂಕಿ ಮಾತ್ರ. ಬೇಡಿಕೆ ಜೋರಾಗಿದೆ ಎಂದು ಅವನು ಇನ್ನೊಂದಿಷ್ಟು ಸೇರಿಸಿ ಮೇಲಕ್ಕೆ ಕಳಿಸುತ್ತಾನೆ. ಎಲ್ಲರ ಪುಸ್ತಕದಲ್ಲೂ ಬಾಕಿ ಬೆಳೆಯುತ್ತದೆ. ಮಾತಾಡಬೇಡಿ ಎಂಬ ನಿಯಮ ಇಲ್ಲಿಗೆ ಮುರಿಯುತ್ತದೆ. "ಸರ್, ಫ್ಯಾಕ್ಟ್ರಿ ಮುಚ್ಚಿಬಿಟ್ರಾ?" ಎಂದು ಒಬ್ಬ ಕೂಗುತ್ತಾನೆ. ಕಾರ್ಖಾನೆಯ ಬೆಂಚಿನವನು ತಲೆ ಎತ್ತದೆ ಎಣಿಸುತ್ತಿರುತ್ತಾನೆ. ಇನ್ನು ಕೆಲವು ವಾರಗಳಲ್ಲಿ ಹಿಂದೆ ಕೇಳಿದ್ದೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಈಗ ಯಾರಿಗೂ ಮಾಲು ಬೇಡ. ಚೀಟಿಗಳಲ್ಲಿ ಸೊನ್ನೆ, ಮತ್ತೆ ಸೊನ್ನೆ. ಬೆಂಚಿನ ಮೇಲೆ ಜಾಗವಿಲ್ಲದೆ ಕೇಸುಗಳೆಂದು ಇಟ್ಟಿದ್ದ ಹುಣಸೆ ಬೀಜ ನೆಲಕ್ಕೆ ಉದುರುತ್ತವೆ. ಕಾರ್ಖಾನೆಯವನು ಕೈಕಟ್ಟಿ ಕೂರುತ್ತಾನೆ.

ಆಟ ನಿಲ್ಲಿಸಿದ ಮೇಲೆ ಒಂದು ಕೆಲಸ ಕೊಡಬೇಕು, ಇದನ್ನು ಯಾವ ಕಾರಣಕ್ಕೂ ಬಿಡಬಾರದು. ಅಂಗಡಿಯವಳನ್ನು ಬಿಟ್ಟು ಉಳಿದವರೆಲ್ಲ ಒಂದೊಂದು ಹಾಳೆಯಲ್ಲಿ, ಗಿರಾಕಿ ವಾರವಾರ ಎಷ್ಟು ಕೇಳಿರಬಹುದು ಎಂದು ಗೆರೆ ಎಳೆಯಬೇಕು. ಹೆಚ್ಚುಕಡಿಮೆ ಎಲ್ಲರೂ ಗುಡ್ಡ ಬರೆಯುತ್ತಾರೆ: ಬೇಡಿಕೆ ಏರಿತು, ಇಪ್ಪತ್ತು ಮೂವತ್ತು ಮುಟ್ಟಿತು, ಆಮೇಲೆ ದಬಕ್ಕನೆ ಬಿತ್ತು. ಆಗ ಚೀಟಿಯ ಕಟ್ಟನ್ನು ತೆರೆದು ತೋರಿಸಬೇಕು. ಮೊದಲ ನಾಲ್ಕು ವಾರ 4, ಐದನೆಯ ವಾರದಿಂದ ಕೊನೆಯವರೆಗೂ 8. ಗಿರಾಕಿ ಒಂದೇ ಒಂದು ಸಲ ಮನಸ್ಸು ಬದಲಿಸಿದ್ದ. ಉಳಿದ ಏರಿಳಿತವೆಲ್ಲ ನಾಲ್ಕು ಬೆಂಚುಗಳ ನಡುವೆಯೇ ತಯಾರಾದದ್ದು. ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಬಯ್ಯುತ್ತಿದ್ದವರು ಸುಮ್ಮನಾಗುತ್ತಾರೆ, ಏಕೆಂದರೆ ಯಾರೂ ದಡ್ಡತನ ಮಾಡಿಲ್ಲ. ಪ್ರತಿಯೊಬ್ಬರ ಪ್ರತಿ ಚೀಟಿಗೂ ಒಂದು ಸಕಾರಣ ಇತ್ತು.

ಈ ಆಟದ ಹಿಂದಿರುವವರು ಜೇ ಫಾರೆಸ್ಟರ್. ನೆಬ್ರಾಸ್ಕದ ದನದ ಫಾರಂ ಒಂದರಲ್ಲಿ ಬೆಳೆದವರು, ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಕಂಪ್ಯೂಟರಿನ ಮ್ಯಾಗ್ನೆಟಿಕ್ ಕೋರ್ ಮೆಮೊರಿ ರೂಪಿಸಿದವರಲ್ಲಿ ಒಬ್ಬರು. 1956ರಲ್ಲಿ ಎಂಐಟಿಯ ಮ್ಯಾನೇಜ್‌ಮೆಂಟ್ ಶಾಲೆಗೆ ಬಂದರು. ಆ ಸಮಯದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯವರಿಗೆ ಒಂದು ತಲೆನೋವಿತ್ತು. ಕೆಂಟಕಿಯಲ್ಲಿದ್ದ ಅವರ ಗೃಹೋಪಯೋಗಿ ಯಂತ್ರಗಳ ಕಾರ್ಖಾನೆಗಳು ಒಮ್ಮೆ ಮೂರ್ನಾಲ್ಕು ಪಾಳಿಯಲ್ಲಿ ಓಡುತ್ತಿದ್ದವು, ಕೆಲವು ವರ್ಷ ಬಿಟ್ಟು ನೋಡಿದರೆ ಅರ್ಧ ಜನರನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಮಾರುಕಟ್ಟೆಯ ಏಳುಬೀಳು ಎಂದು ಎಲ್ಲರೂ ಹೇಳುತ್ತಿದ್ದರು. ಫಾರೆಸ್ಟರ್ ಕಾರ್ಖಾನೆಯವರನ್ನು ಕೇಳಿದರು: ಜನರನ್ನು ಯಾವಾಗ ಸೇರಿಸಿಕೊಳ್ಳುತ್ತೀರಿ, ದಾಸ್ತಾನು ಎಷ್ಟಾದರೆ ಏನು ಮಾಡುತ್ತೀರಿ? ಅವರು ಹೇಳಿದ ನಿಯಮಗಳನ್ನೇ ಹಿಡಿದು, ನೋಟ್‌ಬುಕ್ಕಿನ ಹಾಳೆಯಲ್ಲಿ ಮೇಲೆ ದಾಸ್ತಾನು, ನೌಕರರು, ಆರ್ಡರು ಎಂದು ಅಂಕಣ ಹಾಕಿ, ಪೆನ್ಸಿಲಿನಲ್ಲಿ ವಾರದಿಂದ ವಾರಕ್ಕೆ ಲೆಕ್ಕ ಬರೆಯುತ್ತ ಹೋದರು. ಹೊರಗಿನಿಂದ ಬರುವ ಆರ್ಡರು ಸ್ವಲ್ಪವೂ ಬದಲಾಗದಿದ್ದಾಗಲೂ ನೌಕರರ ಸಂಖ್ಯೆ ಏರಿ ಇಳಿಯುತ್ತಿತ್ತು. ಸಿಸ್ಟಮ್ ಡೈನಾಮಿಕ್ಸ್ ಎಂಬ ಶಾಸ್ತ್ರ ಆ ಪೆನ್ಸಿಲ್ ಹಾಳೆಯಿಂದ ಶುರುವಾಯಿತು, 1961ರಲ್ಲಿ 'ಇಂಡಸ್ಟ್ರಿಯಲ್ ಡೈನಾಮಿಕ್ಸ್' ಎಂಬ ಪುಸ್ತಕವಾಯಿತು. ಹಾಳೆಯ ಲೆಕ್ಕ ಓದಿ ಯಾರೂ ನಂಬುವುದಿಲ್ಲ. ಬೆಂಚಿನ ಮೇಲೆ ಕೂತು ತಾವೇ ಮಾಡಿ ನೋಡಿದರೆ ನಂಬದೆ ಗತಿಯಿಲ್ಲ. ಬಿಯರ್ ಗೇಮ್ ಉಳಿದು ಬಂದಿರುವುದು ಅದಕ್ಕೇ.

ಕಲಿಸುವ ಸಾಧನವಾಗಿದ್ದ ಆಟವನ್ನು ಸಂಶೋಧನೆಯ ಸಾಧನ ಮಾಡಿದವರು ಅದೇ ಸಂಸ್ಥೆಯ ಜಾನ್ ಸ್ಟರ್ಮನ್. ನಾಲ್ಕು ವರ್ಷಗಳಲ್ಲಿ ಆಡಿಸಿದ 48 ಪಂದ್ಯಗಳ ದಾಖಲೆ ಹಾಳೆಗಳನ್ನು ಅವರು ಕೂಡಿಟ್ಟರು. ಆಡಿದವರಲ್ಲಿ ಪದವಿಯ ಹುಡುಗರಿದ್ದರು, ಎಂಬಿಎ, ಪಿಎಚ್‌ಡಿ ವಿದ್ಯಾರ್ಥಿಗಳಿದ್ದರು, ಕಂಪನಿಗಳ ದೊಡ್ಡ ಅಧಿಕಾರಿಗಳೂ ಇದ್ದರು. ಒಬ್ಬೊಬ್ಬರೂ ಒಂದೊಂದು ಡಾಲರು ಕಟ್ಟಬೇಕು, ಗೆದ್ದ ತಂಡಕ್ಕೆ ಪೂರ್ತಿ ಗಂಟು. 50 ವಾರ ಆಡುತ್ತೇವೆ ಎಂದು ಹೇಳಿ 36ಕ್ಕೆ ನಿಲ್ಲಿಸಿಬಿಡುತ್ತಿದ್ದರು. ಕೊನೆಯ ವಾರ ಯಾವುದು ಎಂದು ಗೊತ್ತಿದ್ದರೆ ಜನ ಅದಕ್ಕೆ ತಕ್ಕಂತೆ ದಾಸ್ತಾನು ಖಾಲಿ ಮಾಡುತ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲದ ಪಂದ್ಯಗಳನ್ನಷ್ಟೇ ಉಳಿಸಿಕೊಂಡಾಗ ಸಿಕ್ಕಿದ್ದು 11. ಅವುಗಳಲ್ಲಿ ತಂಡದ ಸರಾಸರಿ ಖರ್ಚು 2,028 ಡಾಲರು. ಕೈಗೆ ಬಂದ ಮಾಹಿತಿಯನ್ನೇ ಒಂದು ಸರಳ ಸೂತ್ರಕ್ಕೆ ಹಾಕಿ ಆರ್ಡರು ಮಾಡುತ್ತ ಹೋಗಿದ್ದರೆ 204 ಡಾಲರಿನಲ್ಲಿ ಮುಗಿಯುತ್ತಿತ್ತು. ಹತ್ತು ಪಟ್ಟು! ಗಿರಾಕಿಯ ಬೇಡಿಕೆ ನಾಲ್ಕು ಕೇಸು ಏರಿದ್ದಕ್ಕೆ ಕಾರ್ಖಾನೆಯ ಆರ್ಡರು ಸರಾಸರಿ 32ರವರೆಗೆ ಹೋಗಿತ್ತು.

1989ರಲ್ಲಿ ಪ್ರಕಟವಾದ ಆ ಲೇಖನ ಇಲ್ಲಿಗೆ ನಿಂತಿದ್ದರೆ ಅದೊಂದು ಕೌತುಕವಾಗಿ ಉಳಿಯುತ್ತಿತ್ತು. ಸ್ಟರ್ಮನ್ ಪ್ರತಿಯೊಬ್ಬರ ಚೀಟಿಗಳಿಂದ ಹಿಂದಕ್ಕೆ ಹೋಗಿ, ಆ ಮನುಷ್ಯ ಯಾವ ಲೆಕ್ಕದಲ್ಲಿ ಆರ್ಡರು ಬರೆಯುತ್ತಿದ್ದಿರಬೇಕು ಎಂದು ಅಂದಾಜು ಮಾಡಿದರು. ಸಿಕ್ಕಿದ ಉತ್ತರ ಸೊಗಸಾಗಿದೆ. ಜನ ಗೋದಾಮಿನಲ್ಲಿ ಕಾಣುವ ಮಾಲನ್ನು ಎಣಿಸುತ್ತಾರೆ, ದಾರಿಯಲ್ಲಿರುವ ಮಾಲನ್ನು ಮರೆಯುತ್ತಾರೆ. ಹೋದ ವಾರ ಕೇಳಿದ್ದು ಇನ್ನೂ ಬರಬೇಕಿದೆ ಎಂಬುದು ಅವರದೇ ಕೈಬರಹದಲ್ಲಿ ಅವರೆದುರಿಗೇ ಇರುತ್ತದೆ. ಆದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಮದುವೆ ಮನೆಯಲ್ಲಿ ಹಾಲು ಸಾಲದೆಂದು ಮೂವರು ಮೂರು ಕಡೆಗೆ ಹುಡುಗರನ್ನು ಅಟ್ಟಿ, ಸಂಜೆಗೆ ಕೊಳಗಗಟ್ಟಲೆ ಹಾಲು ಉಳಿಯುತ್ತದಲ್ಲ, ಅದೇ ಲೆಕ್ಕ. ಅಲ್ಲಿ ಮೂವರು ಮಾಡಿದ್ದನ್ನು ಇಲ್ಲಿ ಒಬ್ಬನೇ ಮೂರು ವಾರದಲ್ಲಿ ಮಾಡುತ್ತಾನೆ.

ಇತಿಹಾಸವನ್ನು ಬೇಗ ದಾಟಿಬಿಡುತ್ತೇನೆ. ಆಟದಿಂದ ಕಲಿಸುವುದನ್ನು ಮೊದಲು ಗಟ್ಟಿಯಾಗಿ ಹಿಡಿದವರು ಸೈನ್ಯದವರು. ಹತ್ತೊಂಬತ್ತನೆಯ ಶತಮಾನದ ಪ್ರಷ್ಯಾದಲ್ಲಿ ಅಧಿಕಾರಿಗಳು ಭೂಪಟದ ಮೇಲೆ ಯುದ್ಧ ಆಡುತ್ತಿದ್ದರು. ಉತ್ಪಾದನೆಗೆ ಅದನ್ನು ತಂದವರು, ನಮ್ಮ ಪುಸ್ತಕಗಳಲ್ಲಿ ಹೆಸರೇ ಕಾಣದ ಒಬ್ಬ ಸೋವಿಯತ್ ಮಹಿಳೆ, ಮೇರಿ ಬಿರ್‌ಷ್ಟೈನ್. 1932ರಲ್ಲಿ ಲೆನಿನ್‌ಗ್ರಾಡಿನಲ್ಲಿ ಟೈಪ್‌ರೈಟರ್ ಕಾರ್ಖಾನೆಯನ್ನು ಇಟ್ಟುಕೊಂಡು ಆಟ ಕಟ್ಟಿದರು. ಬಂಡವಾಳಶಾಹಿಯ ಪಾಠ ಎಂದು ಎಲ್ಲರೂ ತಿಳಿದಿರುವ ವಿದ್ಯೆಯ ಮೊದಲ ಹೆಜ್ಜೆ ಸ್ಟಾಲಿನ್ನನ ರಷ್ಯಾದಲ್ಲಿ ಬಿದ್ದಿತ್ತು ಎನ್ನುವುದು ನನಗೆ ಬಹಳ ಇಷ್ಟದ ಸಂಗತಿ. ಅಮೆರಿಕದಲ್ಲಿ ರ‍್ಯಾಂಡ್ ಸಂಸ್ಥೆ 1955ರಲ್ಲಿ ವಾಯುಪಡೆಯ ಬಿಡಿಭಾಗಗಳ ದಾಸ್ತಾನಿನ ಬಗ್ಗೆ ಆಟ ಮಾಡಿತು. ಅದರ ಹಿಂದೆಯೇ ಅಮೆರಿಕನ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಐಬಿಎಂ 650 ಕಂಪ್ಯೂಟರಿನ ಮೇಲೆ ಕಂಪನಿಗಳ ನಡುವಿನ ಪೈಪೋಟಿಯ ಆಟ ತಂದಿತು. 1957ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆಟ ತರಗತಿಗೆ ಬಂತು. ಕಾರ್ನೆಗಿ ತಾಂತ್ರಿಕ ಸಂಸ್ಥೆಯಲ್ಲಿ ಸಾಬೂನು ಪುಡಿ ಉದ್ಯಮದ ಮೂರು ಕಂಪನಿಗಳ ದೊಡ್ಡ ಆಟ ಕಟ್ಟಿದರು, ಒಂದೊಂದು ಸುತ್ತಿಗೆ ನೂರಾರು ನಿರ್ಧಾರ. ಫ್ರಾನ್ಸಿನ ಇನ್ಸಿಯಾಡ್ ಮ್ಯಾನೇಜ್‌ಮೆಂಟ್ ಶಾಲೆಯಲ್ಲಿ ಲಾರೆಶೆ ಮತ್ತು ಗ್ಯಾಟಿನ್ಯಾನ್ 1970ರ ದಶಕದಲ್ಲಿ ಮಾರ್ಕೆಟಿಂಗಿಗೆಂದು ಮಾರ್ಕ್‌ಸ್ಟ್ರಾಟ್ ಮಾಡಿದರು, ಅದು ಇಂದಿಗೂ ಓಡುತ್ತಿದೆ.

ನಮ್ಮ ದೇಶದಲ್ಲಿ 1961ರಲ್ಲಿ ಎರಡು ಐಐಎಂಗಳು ಶುರುವಾದಾಗ ಅಹಮದಾಬಾದಿಗೆ ಹಾರ್ವರ್ಡಿನ ನೆರವು, ಕಲ್ಕತ್ತೆಗೆ ಎಂಐಟಿಯ ಸ್ಲೋನ್ ಶಾಲೆಯ ನೆರವು. ದೇಶದ ಉಳಿದ ಕಾಲೇಜುಗಳು ಅನುಕರಿಸಿದ್ದು ಹೆಚ್ಚಾಗಿ ಮೊದಲನೆಯದನ್ನು, ಅಂದರೆ ಕೇಸ್ ಪದ್ಧತಿಯನ್ನು. ಯಾವುದೋ ಕಂಪನಿಯ ಇಪ್ಪತ್ತು ಪುಟದ ಕಥೆ ಓದಿಕೊಂಡು ಬಂದು ಚರ್ಚೆ ಮಾಡುವುದು. ಒಳ್ಳೆಯ ಪದ್ಧತಿಯೇ. ಆದರೆ ಅಲ್ಲಿ ತಪ್ಪು ಮಾಡಿರುವವನು ಯಾವಾಗಲೂ ಬೇರೆಯವನು. ಅದು ಹೋಗಲಿ, ನಮ್ಮ ಜಿಲ್ಲಾ ಕೇಂದ್ರಗಳ ಕಾಲೇಜಿನಲ್ಲಿ ಆಗುವುದನ್ನು ನೋಡಿ. ಇಂಗ್ಲಿಷಿನ ಇಪ್ಪತ್ತು ಪುಟವನ್ನು ಹಿಂದಿನ ರಾತ್ರಿ ಓದಿ ಅರ್ಥ ಮಾಡಿಕೊಂಡು ಬರುವವರು ನಾಲ್ಕೈದು ಜನ; ಅವರೇ ಮಾತಾಡುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ. ನಾಲ್ಕು ಬೆಂಚಿನ ಆಟಕ್ಕೆ ಕನ್ನಡ ಸಾಕು, ಕೂಡುವುದು ಕಳೆಯುವುದು ಬಂದರೆ ಸಾಕು. ಕನ್ನಡ ಮಾಧ್ಯಮದಿಂದ ಬಂದ ಬಿ.ಕಾಂ. ಹುಡುಗಿ ಕಾರ್ಖಾನೆಯ ಬೆಂಚಿನಲ್ಲಿ ಕೂತು, ಆಟದ ನಡುವೆಯೇ "ಇದೆಲ್ಲಾ ನಾವೇ ಮಾಡ್ಕೊಂಡಿದ್ದು ಅನ್ಸುತ್ತೆ" ಎಂದದ್ದನ್ನು ನಾನು ಕೇಳಿದ್ದೇನೆ. ಇಂಗ್ಲಿಷ್ ಕೇಸ್ ಚರ್ಚೆಯಲ್ಲಿ ಅವಳು ಬಾಯಿ ಬಿಟ್ಟವಳಲ್ಲ.

ಈಗ ಸಂಶೋಧನೆಯ ಮಾತು. ಇಲ್ಲಿ ವಿಷಯ ಸ್ವಲ್ಪ ಜಟಿಲ, ಸ್ವಾರಸ್ಯವೂ ಇಲ್ಲೇ ಹೆಚ್ಚು.

ಬೆಂಚಿನ ಮೇಲೆ ಆಗುವುದು ನಿಜವಾದ ವ್ಯಾಪಾರದಲ್ಲೂ ಆಗುತ್ತದೆಯೇ? 1990ರ ದಶಕದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ತಮ್ಮ ಪ್ಯಾಂಪರ್ಸ್ ಡೈಪರಿನ ಲೆಕ್ಕ ತೆಗೆದು ನೋಡಿದರು. ಕೂಸುಗಳು ದಿನಕ್ಕೆ ಎಷ್ಟು ಸಲ ಒದ್ದೆ ಮಾಡಬೇಕೋ ಅಷ್ಟೇ ಮಾಡುತ್ತವೆ, ಅಂಗಡಿಗಳ ಮಾರಾಟದಲ್ಲಿ ಅಂಥ ಏರಿಳಿತವಿಲ್ಲ. ಡಿಸ್ಟ್ರಿಬ್ಯೂಟರುಗಳ ಆರ್ಡರಿನಲ್ಲಿ ಏರಿಳಿತ ಜಾಸ್ತಿ. ಕಂಪನಿ ತನ್ನ ಕಚ್ಚಾಮಾಲಿಗೆ ಕೊಡುವ ಆರ್ಡರಿನಲ್ಲಿ ಇನ್ನೂ ಜಾಸ್ತಿ. ಚಾಟಿಯ ಹಿಡಿ ಸ್ವಲ್ಪ ಅಲುಗಿದರೆ ತುದಿ ಮಾರುದ್ದ ಹಾರುವ ಹಾಗೆ. ಇದಕ್ಕೆ ಬುಲ್‌ವಿಪ್ ಎಂಬ ಹೆಸರು ಬಿತ್ತು. ಸ್ಟ್ಯಾನ್‌ಫರ್ಡಿನ ಹೌ ಲೀ ಮತ್ತು ಸಂಗಡಿಗರು 1997ರಲ್ಲಿ ಇದಕ್ಕೆ ನಾಲ್ಕು ಕಾರಣ ಕೊಟ್ಟರು: ಬಂದ ಆರ್ಡರನ್ನೇ ನೋಡಿ ಮುಂದಿನ ಬೇಡಿಕೆ ಊಹಿಸುವುದು, ಲಾರಿ ತುಂಬುವವರೆಗೆ ಕಾದು ಒಟ್ಟಿಗೆ ತರಿಸುವುದು, ರಿಯಾಯಿತಿ ಬಂದಾಗ ದಾಸ್ತಾನು ಮಾಡುವುದು, ಮಾಲಿನ ಕೊರತೆ ಬಂದಾಗ ಪಾಲು ಸಿಗಲೆಂದು ಬೇಕಾದ್ದಕ್ಕಿಂತ ಹೆಚ್ಚು ಕೇಳುವುದು. ಗಮನಿಸಿ, ಈ ನಾಲ್ಕೂ ಜಾಣರ ಕೆಲಸ. ಲೀ ಪ್ರಕಾರ ವ್ಯಾಪಾರಿಗಳು ವಿವೇಕಿಗಳೇ, ವ್ಯವಸ್ಥೆ ಹಾಗಿದೆ. ಸ್ಟರ್ಮನ್ ಪ್ರಕಾರ ಮನುಷ್ಯನ ಲೆಕ್ಕದಲ್ಲೇ ಒಂದು ತೂತಿದೆ. ನಿಜವಾದ ಮಾರುಕಟ್ಟೆಯಲ್ಲಿ ಇವೆರಡೂ ಕಲಸಿಹೋಗಿರುತ್ತವೆ, ಬೇರ್ಪಡಿಸುವುದು ಅಸಾಧ್ಯದ ಹತ್ತಿರದ ಮಾತು.

ಆಟದಲ್ಲಿ ಬೇರ್ಪಡಿಸಬಹುದು. ರೇಚಲ್ ಕ್ರೋಸನ್ ಮತ್ತು ಕ್ಯಾರೆನ್ ಡೊನೊಹ್ಯೂ ಅದನ್ನೇ ಮಾಡಿದರು. ರಿಯಾಯಿತಿ ತೆಗೆದರು, ಲಾರಿ ತುಂಬಿಸುವ ಕಾರಣ ತೆಗೆದರು, ಗಿರಾಕಿಯ ಬೇಡಿಕೆ 0ಯಿಂದ 8ರ ನಡುವೆ ಯಾವುದಾದರೂ ಸಮಾನ ಸಾಧ್ಯತೆಯಲ್ಲಿ ಬರುತ್ತದೆ ಎಂದು ಎಲ್ಲರಿಗೂ ಮೊದಲೇ ಹೇಳಿಬಿಟ್ಟರು. ಊಹಿಸುವ ಕೆಲಸವೇ ಉಳಿಯಲಿಲ್ಲ. ಚಾಟಿ ಬೀಸುವುದು ನಿಲ್ಲಲಿಲ್ಲ. ಎಲ್ಲರ ದಾಸ್ತಾನು ಎಲ್ಲರಿಗೂ ಕಾಣುವ ಹಾಗೆ ಮಾಡಿದಾಗ ತುಸು ತಗ್ಗಿತು, ಅದರ ಲಾಭ ಕಾರ್ಖಾನೆಯ ಕಡೆಯವರಿಗೆ ಹೆಚ್ಚು. ಅವರ 2006ರ ಈ ಲೇಖನದ ನಂತರ, ಸ್ಟರ್ಮನ್ ಮತ್ತು ಎಲೆನಾ ಕಟೋಕ್ ಜೊತೆ ಸೇರಿ ಇನ್ನೂ ಒಂದು ಹೆಜ್ಜೆ ಹೋದರು: ಬೇಡಿಕೆ ಬದಲಾಗುವುದೇ ಇಲ್ಲ, ಇದು ಎಲ್ಲರಿಗೂ ಗೊತ್ತು. ಆಗಲೂ ಏರಿಳಿತ! ತನಗೆ ಗೊತ್ತಿದೆ ಸರಿ, ಪಕ್ಕದ ಬೆಂಚಿನವನು ಸರಿಯಾಗಿ ನಡೆದುಕೊಳ್ಳುತ್ತಾನೆ ಎಂದು ಹೇಗೆ ನಂಬುವುದು? ಕೆಲವರು ಅವನ ಮೇಲಿನ ಅಪನಂಬಿಕೆಗೆ ದಾಸ್ತಾನು ಕೂಡಿಡಲು ಶುರುಮಾಡುತ್ತಾರೆ. ಆ ಕೂಡಿಡುವುದೇ ಪಕ್ಕದವನಿಗೆ ಕೊರತೆಯಾಗಿ ಕಾಣುತ್ತದೆ. 2020ರ ಮಾರ್ಚಿನಲ್ಲಿ ಸ್ಯಾನಿಟೈಸರಿಗೆ ಅಂಗಡಿಯಿಂದ ಅಂಗಡಿಗೆ ಅಲೆದವರಿಗೆ, 2021ರಲ್ಲಿ ಚಿಪ್ಪಿನ ಕೊರತೆಯೆಂದು ಬುಕ್ ಮಾಡಿದ ಕಾರಿಗೆ ತಿಂಗಳುಗಟ್ಟಲೆ ಕಾದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಆಕ್ಷೇಪ ಯಾವಾಗಲೂ ಬರುತ್ತದೆ: ಇದೆಲ್ಲ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ, ಪಳಗಿದ ವ್ಯಾಪಾರಿ ಹೀಗೆ ಮಾಡುತ್ತಾನೆಯೇ? ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಇನ್ನೊಂದು ಪುಟ್ಟ ಆಟದಿಂದ ಬಂದಿದೆ, ಪತ್ರಿಕೆ ಮಾರುವವನ ಆಟ. ಬೆಳಿಗ್ಗೆ ಎಷ್ಟು ಪ್ರತಿ ತರಿಸಬೇಕು? ಉಳಿದರೆ ರದ್ದಿ, ಸಾಲದಿದ್ದರೆ ಲಾಭ ಹೋಯಿತು. ಮಾರಿದರೆ ಹೆಚ್ಚು ಲಾಭ ಬರುವ ಮಾಲಾದರೆ ಸರಾಸರಿ ಬೇಡಿಕೆಗಿಂತ ಜಾಸ್ತಿ ತರಿಸಬೇಕು, ಲಾಭ ಕಡಿಮೆಯಾದರೆ ಸರಾಸರಿಗಿಂತ ಕಡಿಮೆ. ಲೆಕ್ಕ ಸುಲಭ. ಆದರೆ ಶ್ವೈಟ್ಜರ್ ಮತ್ತು ಕಶಾನ್ 2000ದಲ್ಲಿ ತೋರಿಸಿದ ಹಾಗೆ ಜನ ಎರಡೂ ಸಂದರ್ಭದಲ್ಲಿ ಸರಾಸರಿಯ ಕಡೆಗೇ ವಾಲುತ್ತಾರೆ. ಇದನ್ನು ಬೋಲ್ಟನ್, ಓಕನ್‌ಫೆಲ್ಸ್ ಮತ್ತು ಟೋನ್‌ಮನ್ ಖರೀದಿ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮ್ಯಾನೇಜರುಗಳ ಕೈಲಿ ಆಡಿಸಿದರು. 2012ರಲ್ಲಿ ಬಂದ ಫಲಿತಾಂಶದಲ್ಲಿ ಅವರೂ ವಿದ್ಯಾರ್ಥಿಗಳ ಹಾಗೆಯೇ ವಾಲಿದ್ದರು. ಅನುಭವ ದೊಡ್ಡದು, ನಿಜ. ಆದರೆ ತಪ್ಪಿಗೂ ಫಲಕ್ಕೂ ನಡುವೆ ತಡವಿರುವ ಕಡೆ, ಅದೃಷ್ಟ ಬೆರೆತಿರುವ ಕಡೆ ಅನುಭವ ತಾನಾಗಿ ಗುರುವಾಗುವುದಿಲ್ಲ.

ಮಾಹಿತಿ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನೂ ಆಟ ಅಲುಗಿಸಿದೆ. ಗ್ಲೇಜರ್, ಸ್ಟೆಕೆಲ್ ಮತ್ತು ವೈನರ್ ಮಾರ್ಕ್‌ಸ್ಟ್ರಾಟ್ ಆಟದಲ್ಲಿ ಕೆಲವು ತಂಡಗಳಿಗೆ ಮಾತ್ರ ಹೆಚ್ಚಿನ ಮಾರುಕಟ್ಟೆ ಮಾಹಿತಿ ಕೊಟ್ಟರು. ಆ ತಂಡಗಳು ಮಾಹಿತಿ ಸಿಕ್ಕಿದ ನಿರ್ಧಾರಗಳಲ್ಲೇ ಮುಳುಗಿಹೋದವು, ಅದು ಒಟ್ಟು ಲಾಭಕ್ಕೆ ಮುಖ್ಯವಲ್ಲದಿದ್ದರೂ. ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಡ್ಯಾಶ್‌ಬೋರ್ಡು ನೋಡುತ್ತ ದಿನ ಕಳೆಯುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಾನು 1992ರ ಈ ಲೇಖನವನ್ನು ಆಗಾಗ ಕಳಿಸುತ್ತಿರುತ್ತೇನೆ. ಯಾರೂ ಉತ್ತರ ಬರೆದಿಲ್ಲ.

ಇಷ್ಟು ಹೊಗಳಿದ ಮೇಲೆ ನಮ್ಮ ಕಾಲೇಜುಗಳಲ್ಲಿ ಈ ಆಟಗಳಿಗೆ ಬಂದಿರುವ ಗತಿಯನ್ನೂ ಹೇಳಬೇಕು. ಬಿಸಿನೆಸ್ ಗೇಮ್ ಎಂದರೆ ಈಗ ಫೆಸ್ಟಿನ ಒಂದು ಈವೆಂಟು. ಟೀ ಶರ್ಟು, ಪೋಸ್ಟರು, ಬಹುಮಾನದ ಚೆಕ್ಕು. ಪಠ್ಯದಲ್ಲಿ ಇರುವ ಕಡೆ ದುಬಾರಿ ಸಾಫ್ಟ್‌ವೇರಿನ ಲೈಸೆನ್ಸು ತಂದು, ಕೊನೆಯ ಸುತ್ತಿನ ಲಾಭ ನೋಡಿ ಇಂಟರ್ನಲ್ ಅಂಕ ಹಾಕುತ್ತಾರೆ. ಅಂಕ ಲಾಭಕ್ಕೆ ಅಂಟಿಕೊಂಡ ದಿನವೇ ಹುಡುಗರು ವ್ಯಾಪಾರ ಕಲಿಯುವುದನ್ನು ಬಿಟ್ಟು ಸಾಫ್ಟ್‌ವೇರಿನ ಒಳಸೂತ್ರ ಕಲಿಯುತ್ತಾರೆ. ಜಾಹೀರಾತಿಗೆ ಎಷ್ಟು ಹಾಕಿದರೆ ಮಾರಾಟ ಎಷ್ಟು ಏರುತ್ತದೆ ಎಂಬ ಎಕ್ಸೆಲ್ ಹಾಳೆ ಸೀನಿಯರುಗಳಿಂದ ಜೂನಿಯರುಗಳಿಗೆ ಬಳುವಳಿಯಾಗಿ ಬರುತ್ತದೆ. ಕೊನೆಯ ಸುತ್ತಿನಲ್ಲಿ ಸಂಶೋಧನೆಗೆ ಸೊನ್ನೆ, ತರಬೇತಿಗೆ ಸೊನ್ನೆ, ಇರುವ ಯಂತ್ರವೆಲ್ಲ ಮಾರಾಟ. ನಾಳೆ ಇಲ್ಲದ ಕಂಪನಿಗೆ ಅದೇ ಸರಿಯಾದ ಲೆಕ್ಕ, ಅವರನ್ನು ಬಯ್ಯುವ ಹಾಗೂ ಇಲ್ಲ.

ಗೆದ್ದವರು ಹೆಚ್ಚು ಕಲಿತವರೇ? ಅಮೆರಿಕದ ಜಾನ್ ವಾಶ್‌ಬುಷ್ ಮತ್ತು ಜೆರಿ ಗೋಸೆನ್ ಆಟಕ್ಕೆ ಮುಂಚೆ, ಆಟದ ನಂತರ ಪರೀಕ್ಷೆ ಕೊಟ್ಟು ಹಲವು ತರಗತಿಗಳಲ್ಲಿ ಅಳೆದರು. ಆಡಿದವರು ಕಲಿತಿದ್ದರು, ಆದರೆ ಆಟದಲ್ಲಿ ಗಳಿಸಿದ ಸ್ಥಾನಕ್ಕೂ ಕಲಿತದ್ದಕ್ಕೂ ಸಂಬಂಧ ಕಾಣಲಿಲ್ಲ. 2001ರಲ್ಲಿ ಪ್ರಕಟವಾದ ವಿಷಯ ಇದು. ನಮ್ಮ ಅಂಕಪಟ್ಟಿಗಳಿಗೆ ಇನ್ನೂ ತಲುಪಿಲ್ಲ. ನನ್ನನ್ನು ಕೇಳಿದರೆ ಲಾಭಕ್ಕೆ ಅಂಕ ಕೊಡಲೇಬಾರದು. ಆಟದ ಮರುದಿನ ಪ್ರತಿಯೊಬ್ಬರೂ ಎರಡು ಪುಟ ಬರೆಯಲಿ: ಯಾವ ವಾರ ಯಾವ ಅಂಕಿ ಬರೆದೆ, ಆಗ ನನಗೆ ಏನು ಕಾಣುತ್ತಿತ್ತು, ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಂಕ ಅದಕ್ಕೆ. ಎರಡು ಗಂಟೆ ಆಡಿಸಿದರೆ ಆಮೇಲಿನ ಚರ್ಚೆಗೂ ಕಡಿಮೆಯೆಂದರೆ ಅಷ್ಟೇ ಹೊತ್ತು ಬೇಕು. ಐವತ್ತೈದು ನಿಮಿಷದ ಪೀರಿಯಡ್ಡಿನಲ್ಲಿ ಇದು ಆಗದ ಕೆಲಸ. ಟೈಮ್ ಟೇಬಲ್ ಮಾಡುವವರು ಸಭೆಯಲ್ಲಿದ್ದರೆ ದಯವಿಟ್ಟು ಕಿವಿಗೆ ಹಾಕಿಕೊಳ್ಳಿ.

ಕೋಲಾರಕ್ಕೆ ಬಂದು ಟೊಮ್ಯಾಟೊ ಬಗ್ಗೆ ಮಾತಾಡದೆ ಹೋಗುವುದು ಹೇಗೆ? 2023ರ ಜುಲೈಯಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸು 2,000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಸೆಪ್ಟೆಂಬರಿನ ಹೊತ್ತಿಗೆ ಬೆಲೆ ಕುಸಿದಿತ್ತು. ಏರಿಕೆಗೆ ಮಳೆ ಕಾರಣ, ಎಲೆ ಮುರುಟು ರೋಗ ಕಾರಣ, ಅದನ್ನು ಯಾವ ಬೆಂಚಿನ ಮೇಲೂ ಹಾಕುವಂತಿಲ್ಲ. ಹಾಗಾಗಿ ನಾಲ್ಕು ಬೆಂಚಿನ ಆಟವನ್ನು ಎತ್ತಿ ಹಾಗೆಯೇ ಮಾರುಕಟ್ಟೆ ಪ್ರಾಂಗಣದಲ್ಲಿ ಇಡಲು ಬರುವುದಿಲ್ಲ. ಅಲ್ಲಿ ಬೆಲೆ ಎಂಬುದೇ ಇಲ್ಲ, ಇಲ್ಲಿ ಎಲ್ಲವೂ ಬೆಲೆ. ಆದರೆ ತಡ ಇದೆ. ನರ್ಸರಿಯಲ್ಲಿ ಸಸಿಗೆ ಒಂದು ತಿಂಗಳ ಹತ್ತಿರ ಬೇಕು, ನಾಟಿಯಾದ ಮೇಲೆ ಮೊದಲ ಕೊಯ್ಲಿಗೆ ಎರಡು ತಿಂಗಳ ಮೇಲೆ. ಇವತ್ತಿನ ಬೆಲೆ ನೋಡಿ ಸಸಿಗೆ ಮುಂಗಡ ಕೊಟ್ಟವನ ಹಣ್ಣು ಮೂರು ತಿಂಗಳಾಚೆಯ ಬೆಲೆಗೆ ಹೋಗುತ್ತದೆ. ಅಷ್ಟರಲ್ಲಿ ಇನ್ನೆಷ್ಟು ಜನ ಸಸಿ ತಂದಿದ್ದಾರೆ ಎನ್ನುವುದು ದಾರಿಯಲ್ಲಿರುವ ಮಾಲು. ಕಣ್ಣಿಗೆ ಬೀಳುವುದಿಲ್ಲ. ಫಾರೆಸ್ಟರ್ ಬಳಗದ ಡೆನಿಸ್ ಮೆಡೋಸ್ ಹಂದಿ, ಕೋಳಿ, ದನಗಳ ಬೆಲೆ ಯಾಕೆ ಸುತ್ತುಸುತ್ತಾಗಿ ಏರಿಳಿಯುತ್ತದೆ ಎಂಬುದರ ಬಗ್ಗೆ 1970ರಲ್ಲೇ ಪುಸ್ತಕ ಬರೆದರು. ಟೊಮ್ಯಾಟೊಗೆ ಆ ಕೆಲಸವನ್ನು ಈ ಜಿಲ್ಲೆಯವರು ಮಾಡಬೇಕು.

ಆದ್ದರಿಂದ ಈ ಕಾಲೇಜಿನ ವಾಣಿಜ್ಯ ವಿಭಾಗದ ಅಧ್ಯಾಪಕರ ಮುಂದೆ ಒಂದು ಕೋರಿಕೆ. ಒಂದು ಟೊಮ್ಯಾಟೊ ಆಟ ಕಟ್ಟಿ. ಹತ್ತು ರೈತರು, ಇಬ್ಬರು ನರ್ಸರಿಯವರು, ಒಂದು ಮಂಡಿ. ಮಂಡಿಗೆ ಬಂದ ಬಾಕ್ಸು ಹೆಚ್ಚಾದಷ್ಟೂ ಬೆಲೆ ಇಳಿಯುವ ಒಂದು ಪಟ್ಟಿ. ಪಟ್ಟಿಯ ಅಂಕಿಗಳಿಗೆ ಇಲ್ಲಿನ ಎಪಿಎಂಸಿಯ ದಿನವಹಿ ಆವಕ ಮತ್ತು ಧಾರಣೆಯ ದಾಖಲೆ ಇದೆ, ಊಹಿಸಬೇಕಾಗಿಲ್ಲ. ವಿದ್ಯಾರ್ಥಿಗಳಲ್ಲಿ ಅರ್ಧಕ್ಕರ್ಧ ಜನ ಬೆಳೆಗಾರರ ಮನೆಯವರೇ ಇರುತ್ತಾರೆ, ನಿಯಮ ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಮೊದಲು ಹುಡುಗರ ಕೈಲಿ ಆಡಿಸಿ, ಆಮೇಲೆ ಅವರ ತಂದೆಯರನ್ನು, ಚಿಕ್ಕಪ್ಪಂದಿರನ್ನು ಕರೆಸಿ ಆಡಿಸಿ. ಅರ್ಧ ಗುಂಪುಗಳಿಗೆ ನರ್ಸರಿಗಳಲ್ಲಿ ಈ ವಾರ ಒಟ್ಟು ಎಷ್ಟು ಸಸಿ ಬುಕ್ ಆಗಿದೆ ಎಂಬುದನ್ನು ಬೋರ್ಡಿನ ಮೇಲೆ ಬರೆದು ತೋರಿಸಿ, ಉಳಿದರ್ಧಕ್ಕೆ ತೋರಿಸಬೇಡಿ. ತೋರಿಸಿದ ಗುಂಪಿನಲ್ಲಿ ಬೆಲೆ ಸಮನಾಗಿ ನಿಲ್ಲುತ್ತದೆ ಎಂದು ನಿಮಗೆ ಅನ್ನಿಸಬಹುದು. ಎಲ್ಲರೂ ಬೋರ್ಡು ನೋಡಿ ಒಟ್ಟಿಗೆ ಹಿಂದೆ ಸರಿದು ಮುಂದಿನ ಸುತ್ತಿಗೆ ಕೊರತೆ ತರುವುದೂ ಸಾಧ್ಯ. ಯಾವುದು ಆಗುತ್ತದೆ ಎಂದು ನನಗೂ ಕುತೂಹಲವಿದೆ. ಆಡಿದ ಮೇಲೆ ದಾಖಲೆ ಹಾಳೆಗಳನ್ನು ಎಸೆಯದೆ, ತಾರೀಖು ಹಾಕಿ, ಈ ಕಾಲೇಜಿನ ಲೈಬ್ರರಿಯಲ್ಲೇ ಇಡಿ.